ಹೊರಬೀಡಿನ ದಿನ ಕೇಳಿದ ಮೂರು ಕೂಗು

"ಸಗಣಿ ಬಾಚೋ ಕೈಗೆ ಡಿಗ್ರಿ ಬರಲ್ಲ ಕಣಮ್ಮ. ನಮ್ಮ ವಂಶದಲ್ಲೇ ಯಾರಿಗೂ ಬಂದಿಲ್ಲ, ನಿಂಗೆಲ್ಲಿಂದ ಬರುತ್ತೆ?"

ಹೀಗೆ ಹೇಳಿದವರು ಬೇರೆ ಯಾರೂ ಅಲ್ಲ, ನನ್ನ ದೊಡ್ಡಪ್ಪ. ನಾನು ಗೌರಿಬಿದನೂರಿನ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದ ದಿನ, ಊರಿನ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ ಅಷ್ಟೂ ಜನರ ಎದುರಿಗೆ ಹೇಳಿದ್ದರು. ಎಲ್ಲರೂ ನಕ್ಕರು. ನಾನು ಕ್ಯಾನಿನ ಮುಚ್ಚಳ ಹಾಕುವ ನೆಪದಲ್ಲಿ ತಲೆ ತಗ್ಗಿಸಿದೆ.

ನಮ್ಮದು ನಗರಗೆರೆ ಕಡೆಯ ಒಂದು ಸಣ್ಣ ಹಳ್ಳಿ. ಆಂಧ್ರದ ಗಡಿ ಹತ್ತಿರವೇ ಇರುವುದರಿಂದ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ನಾನು ಏಳನೇ ತರಗತಿಯಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಆಮೇಲೆ ಅಮ್ಮ, ನಾನು, ಎರಡು ಸೀಮೆಹಸು. ಲಕ್ಷ್ಮಿ ಮತ್ತು ಚುಕ್ಕಿ. ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ ಏಳೂಮುಕ್ಕಾಲರ ಬಸ್ಸಿಗೆ ಓಡಬೇಕಿತ್ತು. ಬೇಸಿಗೆಯಲ್ಲಿ ಮೇವಿಗೆ ಅಲೆದಾಟ. ಮಳೆಗಾಲದಲ್ಲಿ ಕೊಟ್ಟಿಗೆಯೆಲ್ಲ ಕೆಸರು, ಸೊಳ್ಳೆ, ಕೆಚ್ಚಲು ಬಾವಿನ ಭಯ. ಚಳಿಯಲ್ಲಿ ಬೆರಳು ಸೆಟೆದು ಮೊಲೆ ಹಿಡಿಯಲೂ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಮೂಗಿಗೆ ಸೆರಗು ಹಿಡಿದದ್ದೂ ಉಂಟು. ಹಾಗೆಯೇ ಎರಡು ವರ್ಷ ಪಾಸು ಮಾಡಿದೆ.

ಕೊನೆಯ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ನಮ್ಮ ಕಡೆಯ ದನಗಳಿಗೆ ಗಂಟು ರೋಗ ಬಂತು. ಮೈಯೆಲ್ಲ ನಿಂಬೆಹಣ್ಣಿನ ಗಾತ್ರದ ಗಂಟು, ಜ್ವರ, ಬಾವು. ನಮ್ಮ ಲಕ್ಷ್ಮಿ ಹತ್ತೇ ದಿನದಲ್ಲಿ ಹೋದಳು. ಚುಕ್ಕಿಗೂ ಬಂತು. ಅವಳು ತುಂಬಿದ ಗಬ್ಬ. ಹೇಗೋ ಬದುಕಿಕೊಂಡಳು, ಆದರೆ ಮುಂಗಾಲುಗಳ ಬಾವು ಇಳಿಯಲಿಲ್ಲ.

ದೊಡ್ಡಪ್ಪನ ಮನೆ ನಮ್ಮ ಮನೆಯ ಪಕ್ಕದ್ದೇ. ಒಂದು ಸಂಜೆ ಬಂದು ಜಗಲಿ ಮೇಲೆ ಕೂತು ಅಮ್ಮನಿಗೆ ಹೇಳಿದರು. "ನೋಡಮ್ಮ, ಇದೂ ಹೋದ್ರೆ ಓದು ಸಾಕು. ಹಿಂದೂಪುರದ ಕಡೆಯಿಂದ ಒಂದು ಸಂಬಂಧ ಬಂದೈತೆ. ಮಾಡ್ಬಿಡಣ." ಅಮ್ಮ ಚುಕ್ಕಿಯ ಕಾಲಿಗೆ ಬೇವು, ಅರಿಸಿನ ಅರೆದು ಹಚ್ಚುತ್ತಲೇ ಇದ್ದಳು. ನನ್ನ ಓದೆಲ್ಲ ಆ ನಾಲ್ಕು ಕಾಲಿನ ಮೇಲೆ ನಿಂತಿದೆ ಎಂದು ನನಗೆ ಅವತ್ತು ಅರ್ಥವಾಯಿತು.

ಮಾರನೇ ವಾರ ಊರಿನ ಹಿರಿಯರು ಹೊರಬೀಡು ಮಾಡಲು ತೀರ್ಮಾನಿಸಿದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರಿಗೆ ಕಾಯಿಲೆ ಬಂದಾಗ ಒಂದು ದಿನ ಇಡೀ ಊರನ್ನು ಖಾಲಿ ಮಾಡುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಒಲೆ ಆರಿಸಿ, ಜನ, ದನ, ಕುರಿ, ಕೋಳಿ, ತೊಟ್ಟಿಲ ಕೂಸಿನ ಸಮೇತ ಊರಗಡಿಯಾಚೆಯ ಮಾವಿನ ತೋಪಿಗೆ ಹೋಗಬೇಕು. ಊರಬಾಗಿಲಿಗೆ ಜಾಲಿಮುಳ್ಳಿನ ಬೇಲಿ ಹಾಕುತ್ತಾರೆ. ಯಾವ ಮನೆಗೂ ಬೀಗ ಹಾಕುವಂತಿಲ್ಲ, ಚಿಲಕ ಮಾತ್ರ. ಕಾಯಿಲೆ ತಂದ ಮಾರಿ ಅವತ್ತು ಮನೆಮನೆ ಹೊಕ್ಕು ಹುಡುಕುತ್ತಾಳಂತೆ. ಯಾರೂ ಸಿಗದಿದ್ದರೆ ಬೇಸತ್ತು ಊರು ಬಿಟ್ಟು ಹೋಗುತ್ತಾಳಂತೆ. ಒಂದು ಜೀವ ಉಳಿದರೂ ಕಾಯಿಲೆ ಉಳಿಯಿತು ಎಂದು ಲೆಕ್ಕ. ಬೇಲಿ ಕಟ್ಟುವ ಹೊಣೆ ನಮ್ಮ ದೊಡ್ಡಪ್ಪನದು.

ಆ ದಿನ ಬೆಳಗಿನ ಜಾವ ಚುಕ್ಕಿಯನ್ನು ಎಬ್ಬಿಸಲು ಹೋದರೆ ಏಳಲಿಲ್ಲ. ಬಾಲ ಎತ್ತಿ ಎತ್ತಿ ಹಾಕುತ್ತಿದ್ದಳು, ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಕರು ಹಾಕುವ ಲಕ್ಷಣ. ಒಂದು ಕಿಲೋಮೀಟರು ನಡೆಸಿದರೆ ದಾರಿಯಲ್ಲೇ ಬೀಳುವುದು ಖಂಡಿತ.

"ನೀನು ಹೋಗಮ್ಮ, ನಾನು ಇರ್ತೀನಿ" ಎಂದೆ.

ಅಮ್ಮ ಬಾಗಿಲ ಕಡೆ ನೋಡಿದಳು, ಚುಕ್ಕಿಯ ಕಡೆ ನೋಡಿದಳು. "ನೀನು ಕಾಲೇಜಿಗೆ ಹೋದೆ ಅಂತೀನಿ. ಚುಕ್ಕಿನ ನಿನ್ನೇನೇ ಊರಾಚೆ ನಮ್ಮ ತೋಟದ ಶೆಡ್ಡಿಗೆ ಹೊಡ್ಕೊಂಡು ಹೋದ್ವಿ ಅಂತೀನಿ. ಒಲೆ ಹಚ್ಚಬೇಡ. ಸದ್ದು ಮಾಡಬೇಡ." ಹೊರಟವಳು ತಿರುಗಿ ಬಂದಳು. "ಯಾರಾದ್ರೂ ಹೆಸರು ಹಿಡಿದು ಕರೆದ್ರೆ ತಕ್ಷಣ ಓಗೊಡಬೇಡ. ಮಾರಿ ಎರಡು ಸಲ ಕರೀತಾಳೆ, ಓಗೊಟ್ಟೋರು ಅವಳ ಪಾಲು. ಮೂರನೇ ಕೂಗು ಬಂದ್ರೆ ಅದು ಮನುಷ್ಯರದ್ದು."

"ಅಮ್ಮಾ, ನಾನು ಬಿ.ಎ. ಓದ್ತಿದೀನಿ."

"ಓದು, ಓದು. ಮೂರನೇ ಕೂಗಿಗೇ ಓಗೊಡು."

ದನಗಳ ಗೊರಸಿನ ಸದ್ದು, ಗಂಟೆ, ಮಕ್ಕಳ ಅಳು ಎಲ್ಲ ಬೀದಿಯ ಕೊನೆಗೆ ಹೋಗಿ ನಿಂತವು. ಡೇರಿಯಲ್ಲಿ ಹಾಲಿನ ಜಿಡ್ಡು ಅಳೆಯುವ ಫ್ಯಾಟ್ ಮಿಷನ್ನನ್ನೂ ಬ್ಯಾಟರಿ ಸಮೇತ ತೋಪಿಗೆ ಹೊತ್ತೊಯ್ದಿದ್ದರು. ದೇವರ ಕೆಲಸ ಎಂದು ಹಾಲು ನಿಲ್ಲುತ್ತದೆಯೇ? ಹಿಂದಿನ ಸಂಜೆಯೇ ಊರಿನ ಕರೆಂಟು ತೆಗೆಸಿದ್ದರಿಂದ ನನ್ನ ಫೋನು ಸತ್ತುಹೋಗಿತ್ತು. ಬೆಳಕಾಯಿತು. ಮಂಜು ಇನ್ನೂ ನೆಲದ ಮೇಲೇ ಇತ್ತು.

ಹುಟ್ಟಿದಾಗಿನಿಂದ ಆ ಊರಿನಲ್ಲಿದ್ದೇನೆ, ಅಂಥ ಮೌನ ಕೇಳಿರಲಿಲ್ಲ. ಕೋಳಿ ಕೂಗಿಲ್ಲ, ಮೋಟರಿನ ಸದ್ದಿಲ್ಲ, ಕಾಗೆ ಕೂಡ ಇಲ್ಲ. ಊಟವೇ ಇಲ್ಲದ ಊರಿನಲ್ಲಿ ಕಾಗೆಗೇನು ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಚುಕ್ಕಿಯ ಉಸಿರಾಟ ಒಂದೇ ಕೇಳುತ್ತಿತ್ತು.

ಹತ್ತು ಗಂಟೆಯ ಸುಮಾರಿಗೆ ಕೊಟ್ಟಿಗೆಯ ನೀರು ಮುಗಿಯಿತು. ಬಕೆಟ್ಟು ಹಿಡಿದು ಡೇರಿ ಪಕ್ಕದ ನೀರಿನ ಸಿಸ್ಟನ್‌ಗೆ ಹೋದೆ. ದಾರಿಯ ಪ್ರತಿ ಬಾಗಿಲಿಗೂ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಯಾರದೋ ಹಗ್ಗದ ಮೇಲೆ ಒಂದು ಸೀರೆ ಮರೆತುಹೋಗಿತ್ತು. ಅದು ಅಲುಗದೆ ನೇತಾಡುತ್ತಿತ್ತು. ಬಕೆಟ್ಟು ತುಂಬಿತು, ನಲ್ಲಿ ನಿಲ್ಲಿಸಿದೆ. ಆಗ ಬೆನ್ನ ಹಿಂದೆ ಕೇಳಿಸಿತು.

"ಸುಜಾತಾ..."

ಮಗುವನ್ನು ಊಟಕ್ಕೆ ಕರೆಯುವ ಹಾಗೆ, ಮೆಲ್ಲಗೆ, ಎಳೆದು. ಹೆಂಗಸಿನ ದನಿಯೋ ಗಂಡಸಿನದೋ ಹೇಳಲಾಗದು. "ಆಂ" ಎನ್ನಲು ಬಾಯಿ ತೆರೆದಿದ್ದೆ. ಅಮ್ಮನ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ತಿರುಗಿ ನೋಡಿದರೆ ಡೇರಿಯ ಜಗಲಿಯ ಮೇಲೆ ಕವುಚಿ ಹಾಕಿದ ಕ್ಯಾನುಗಳು. ಒಂದರ ಪಕ್ಕದ ಮುಚ್ಚಳ ಸಣ್ಣಗೆ ಅಲುಗಿ ನಿಂತಿತು. ಗಾಳಿ ಇರಲಿಲ್ಲ. ಮನೆ ಸೇರುವಷ್ಟರಲ್ಲಿ ಬಕೆಟ್ಟಿನಲ್ಲಿ ಅರ್ಧ ನೀರೂ ಉಳಿದಿರಲಿಲ್ಲ.

ಕಿವಿಯ ಭ್ರಮೆ ಎಂದುಕೊಂಡೆ. ಚುಕ್ಕಿಯ ನೀರಿನ ಚೀಲ ಒಡೆದಿತ್ತು. ಅವಳು ತಿಣುಕುತ್ತಿದ್ದಳು, ನಿಲ್ಲಿಸುತ್ತಿದ್ದಳು, ಮತ್ತೆ ತಿಣುಕುತ್ತಿದ್ದಳು. ನಾನು ಅವಳ ಕುತ್ತಿಗೆ ನೀವುತ್ತ ಕೂತೆ. ಎಷ್ಟೋ ಹೊತ್ತಾಯಿತು. ಮತ್ತೆ ಅದೇ ದನಿ, ಈ ಸಲ ನಮ್ಮ ಮನೆಯ ಒಳಗಿಂದ, ನಾನೇ ಚಿಲಕ ಹಾಕಿದ್ದ ಅಡುಗೆಮನೆಯಿಂದ.

"ಸುಜಾತಾ..."

ಭ್ರಮೆ ಎಂದು ಈ ಸಲ ಹೇಳಿಕೊಳ್ಳಲು ಆಗಲಿಲ್ಲ. ಏಕೆಂದರೆ ಚುಕ್ಕಿಯ ಎರಡೂ ಕಿವಿ ಅಡುಗೆಮನೆಯ ಕಡೆ ತಿರುಗಿದ್ದವು. ಅವಳು ತಿಣುಕುವುದನ್ನೂ ನಿಲ್ಲಿಸಿ ಆ ಬಾಗಿಲನ್ನೇ ನೋಡುತ್ತಿದ್ದಳು. ಓಡಿಹೋಗಬೇಕೆನಿಸಿತು. ಅವಳನ್ನು ಬಿಟ್ಟು ಎಲ್ಲಿಗೆ ಓಡಲಿ? ಅವಳ ಕೊರಳಿಗೆ ಕೈ ಬಳಸಿ, ಕಣ್ಣು ಮುಚ್ಚಿ, ಬಾಯಿಗೆ ಬಂದ ಪಾಠವನ್ನೆಲ್ಲ ಗಟ್ಟಿಯಾಗಿ ಒಪ್ಪಿಸತೊಡಗಿದೆ. ಯಾವ ಪಾಠ ಎಂದು ಕೇಳಬೇಡಿ, ನೆನಪಿಲ್ಲ.

ಮಧ್ಯಾಹ್ನ ಕಳೆಯಿತು. ಕರುವಿನ ಒಂದು ಕಾಲು ಹೊರಗೆ ಬಂತು. ಒಂದೇ ಒಂದು. ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಬರಬೇಕು. ಅಷ್ಟು ನನಗೆ ಗೊತ್ತಿತ್ತು. ಎಳೆದೆ, ಬರಲಿಲ್ಲ. ಚುಕ್ಕಿ ನರಳಿ ಪಕ್ಕಕ್ಕೆ ಉರುಳಿದಳು, ನಾಲಿಗೆ ಹೊರಬಿತ್ತು. ಇವಳು ಹೋದಳು, ನನ್ನ ಓದೂ ಹೋಯಿತು ಎಂದು ಅಳುತ್ತಾ ಕೂತೆ.

ಕೊಟ್ಟಿಗೆಯ ಹಿಂದಿನ ಗೋಡೆಯಲ್ಲಿ, ತಿಪ್ಪೆಯ ಕಡೆಗೆ, ಒಂದು ಕಿಂಡಿ ಇದೆ. ಅದರ ಬೆಳಕು ತಟ್ಟನೆ ಮುಚ್ಚಿಹೋಯಿತು.

"ಸುಜಾತಾ."

ಮೂರನೇ ಕೂಗು. ಬಾಯಿಗೆ ಬಟ್ಟೆ ಅಡ್ಡ ಹಿಡಿದಂಥ, ಒರಟು, ಪಿಸುದನಿ.

"ಆಂ" ಎಂದೆ.

"ಎನ್ನಿ ಕಾಳ್ಳು? ಒಂದು ಕಾಲಾ, ಎರಡಾ?"

"ಒಂದೇ."

"ಬಳೆ ತೆಗಿ. ಮೊಣಕೈವರೆಗೂ ಎಣ್ಣೆ ಹಚ್ಚು. ಎಳೀಬೇಡ ಇನ್ನ. ಅದು ತಿಣುಕೋದು ನಿಲ್ಸಿದಾಗ ಕರುನ ಒಳಕ್ಕೆ ತಳ್ಳು."

"ಒಳಕ್ಕಾ?"

"ಹೂಂ. ತಳ್ಳಿದ್ರೇನೇ ಜಾಗ ಆಗೋದು. ಮಡಚಿರೋ ಕಾಲು ಕೈಗೆ ಸಿಗುತ್ತೆ. ಗೊರಸನ್ನ ಅಂಗೈಯಲ್ಲಿ ಮುಚ್ಕೊಂಡು ಮುಂದಕ್ಕೆ ತಾ. ಮುಚ್ಕೊಳ್ದೆ ತಂದ್ರೆ ಒಳಗೆ ಹರಿದುಹೋಗುತ್ತೆ. ಅವಸರ ಬೇಡ."

ಕೊಟ್ಟಿಗೆ ಗೂಡಿನಲ್ಲಿದ್ದ ದೀಪದೆಣ್ಣೆ ಹಚ್ಚಿಕೊಂಡು ದನಿ ಹೇಳಿದ ಹಾಗೆ ಮಾಡಿದೆ. ಒಳಗಿನ ಬಿಸಿ, ನನ್ನ ಕೈಯನ್ನು ಹಿಂಡುವ ಆ ಬಿಗಿ, ಬೆರಳ ತುದಿಗೆ ಸಿಕ್ಕ ಪುಟ್ಟ ಮೊಣಕಾಲು, ಎಲ್ಲ ಇವತ್ತಿಗೂ ಕೈಯಲ್ಲಿದೆ. ಗೊರಸು ಅಂಗೈಗೆ ಬಂತು, ಕಾಲು ನೆಟ್ಟಗಾಯಿತು. "ಈಗ ಅದು ತಿಣುಕಿದಾಗ ಎಳಿ. ಕೆಳಕ್ಕೆ, ನೆಲದ ಕಡೆಗೆ" ಎಂದಿತು ದನಿ. ಎರಡು ಸಲ ಎಳೆದೆ. ಮೂರನೇ ಸಲಕ್ಕೆ ಕರು ನನ್ನ ಮಡಿಲಿಗೇ ಜಾರಿ ಬಿತ್ತು.

ಅದು ಉಸಿರಾಡಲಿಲ್ಲ.

"ಮೂಗು ಒರೆಸು. ಹುಲ್ಲುಕಡ್ಡಿ ಮೂಗಿನೊಳಕ್ಕೆ ಆಡಿಸು."

ಕರು ಸೀನಿತು. ಹೆಣ್ಣುಗರು. ಚುಕ್ಕಿ ತಲೆ ಎತ್ತಿ "ಹುಂ" ಎಂದಳು. ನಾನು ಕಿಂಡಿಯ ಕಡೆ ತಿರುಗಿ "ಯಾರು ನೀವು?" ಎಂದೆ. ಕಿಂಡಿಯಲ್ಲಿ ಬರೀ ಬೆಳಕಿತ್ತು. ಹಿಂದೆ ಹೋಗಿ ತಿಪ್ಪೆಯ ಒದ್ದೆ ಮಣ್ಣಿನಲ್ಲಿ ಹೆಜ್ಜೆ ಇದೆಯೋ ಇಲ್ಲವೋ ನೋಡುವ ಧೈರ್ಯ ನನಗಿರಲಿಲ್ಲ.

ಸೂರ್ಯ ಮುಳುಗುವಾಗ ಬೇಲಿ ತೆಗೆದರು. ನಾನು ಹಿತ್ತಲಿನಿಂದ ಹೊರಟು, ಬ್ಯಾಗು ನೇತುಹಾಕಿಕೊಂಡು, ಕಾಲೇಜಿನಿಂದ ಬಂದವಳ ಹಾಗೆ ಜನರ ಜೊತೆ ಸೇರಿದೆ. ಮಾರನೇ ದಿನ ಕರುವಿನ ಸುದ್ದಿ ಊರಿಗೆ ತಿಳಿಯಿತು. ಒಬ್ಬಾಕೆ ಡೇರಿಯಲ್ಲಿ "ಯಾವಾಗ ಹಾಕ್ತು, ಎಲ್ಲಿ ಹಾಕ್ತು?" ಎಂದು ಅಮ್ಮನನ್ನು ಕೆದಕಿದಳು. ಅಮ್ಮ ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ, "ತೋಟದ ಶೆಡ್ಡಲ್ಲಿ ಹಾಕ್ತು. ನಾನೇ ನೋಡ್ಕೊಂಡು ಬಂದೆ. ಹಾಲು ಹಾಕಿ ಮುಂದೆ ನಡಿಯಮ್ಮ" ಎಂದುಬಿಟ್ಟರು. ಅಮ್ಮನ ಸುಳ್ಳನ್ನು ಅವರು ನಂಬಿಯೇ ಬಿಟ್ಟಿದ್ದಾರೆ, ನೋಡಿದೆ ಅನ್ನುವುದು ಬರೀ ದೊಡ್ಡಸ್ತಿಕೆಯ ಮಾತು ಎಂದು ನನಗೆ ಸಮಾಧಾನವಾಯಿತು. ಅವರ ಮೀನಖಂಡದ ಮೇಲೆ ಉದ್ದಕ್ಕೆ ಮುಳ್ಳು ಗೀರಿದ ಗಾಯವಿತ್ತು. ಬೇಲಿ ಕಟ್ಟಿದವರಿಗೆ ಮುಳ್ಳು ಗೀರುವುದು ಹೊಸದಲ್ಲವಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಅದೇ ಶುಕ್ರವಾರದಿಂದ ಆ ಕಿಂಡಿಯಲ್ಲಿ ದೀಪ ಇಡತೊಡಗಿದಳು. "ಊರಲ್ಲಿ ಮನುಷ್ಯರೇ ಇಲ್ದಿದ್ದಾಗ ಮೂರನೇ ಕೂಗು ಇನ್ಯಾರದ್ದು? ಕೊಲ್ಲೋಕೆ ಬಂದೋಳು ಮನಸ್ಸು ಕರಗಿ ಕಾಪಾಡಿ ಹೋದ್ಳು" ಎಂದಳು. ಹದಿನೈದು ದಿನದ ಮೇಲೆ ಎದುರುಮನೆಯವರ ಎತ್ತು ಸತ್ತಿತು. ಅದಕ್ಕೆ ಮೊದಲೇ ಕಾಯಿಲೆ ಇತ್ತು ಎಂದು ಡಾಕ್ಟರು ಹೇಳಿದರು. ನನಗೂ ಅದು ಗೊತ್ತು. ಆದರೂ ಆ ಮನೆಯ ಹೆಂಗಸು ಎದುರಾದರೆ ಇವತ್ತಿಗೂ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲು ಆಗುವುದಿಲ್ಲ. ಓದಿದ್ದೇನೆ, ಮಾರಿಯನ್ನು ನಂಬುವುದಿಲ್ಲ. ಆದರೆ ಒಂಟಿಯಾಗಿದ್ದಾಗ ಯಾರಾದರೂ ನನ್ನ ಹೆಸರು ಹಿಡಿದು ಕರೆದರೆ ಈಗಲೂ ಎಣಿಸುತ್ತೇನೆ.

ಚುಕ್ಕಿಯ ಹಾಲಿನಲ್ಲೇ ಕೊನೆಯ ವರ್ಷ ಮುಗಿಯಿತು. ಪಾಸಾದೆ. ಕಾಲೇಜಿನಲ್ಲಿ ಸರ್ಟಿಫಿಕೇಟು ಕೊಟ್ಟ ದಿನ ಅದನ್ನು ಎದೆಗೆ ಅವಚಿಕೊಂಡು ಬಸ್ಸಿಳಿದವಳು ನೇರ ದೊಡ್ಡಪ್ಪನ ಮನೆಗೆ ಹೋದೆ. ನಿಜ ಹೇಳಬೇಕೆಂದರೆ ಮುಖಕ್ಕೆ ಹಿಡಿದು ತೋರಿಸಲಿಕ್ಕೇ ಹೋದದ್ದು. ಅವರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಕೈಯನ್ನು ಟವಲಿಗೆ ಎರಡೆರಡು ಸಲ ಒರೆಸಿಕೊಂಡು ತೆಗೆದುಕೊಂಡರು. ಅವರಿಗೆ ಓದಲು ಬಾರದು.

"ಹೆಸರು ಎಲ್ಲೈತೆ?"

ತೋರಿಸಿದೆ. ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಆಮೇಲೆ ತಲೆ ಎತ್ತದೆ ಹೇಳಿದರು. "ಅವತ್ತು ಬಳೆ ತೆಗಿ ಅಂದಿದ್ದು ನಾನೇ ಕಣಮ್ಮ. ನಿಮ್ಮಮ್ಮನ ಮುಖ ನೋಡಿದ್ರೆ ಗೊತ್ತಾಗ್ತಿತ್ತು ಸುಳ್ಳು ಅಂತ. ಬೇಲಿ ಕಟ್ಟಿದೋನೇ ಬೇಲಿ ದಾಟಿದ್ದೆ, ಯಾರ ಹತ್ರ ಹೇಳ್ಕೊಳ್ಳಲಿ? ಅದಕ್ಕೇ ಟವಲು ಬಾಯಿಗೆ ಹಿಡ್ಕೊಂಡಿದ್ದೆ."

ನನಗೆ ಅಳು, ನಗು ಒಟ್ಟಿಗೇ ಬಂತು. "ಅಲ್ಲ ದೊಡ್ಡಪ್ಪ, ಹಂಗಾದ್ರೆ ಬೆಳಿಗ್ಗೆ ಸಿಸ್ಟನ್ ಹತ್ರ ಕರೆದಾಗಲೇ ಎದುರಿಗೆ ಬರಬಾರದಿತ್ತಾ? ಆಮೇಲೆ ಅಡುಗೆಮನೆಯಿಂದ ಬೇರೆ ಕರೆದ್ರಿ. ನನ್ನ ಜೀವಾನೇ ಹೋಗಿತ್ತು."

ಅವರ ಬೆರಳು ನನ್ನ ಹೆಸರಿನ ಮೇಲೆ ನಿಂತುಹೋಯಿತು.

"ನಾನು ಬಂದಿದ್ದು ಮಧ್ಯಾಹ್ನದ ಮೇಲೆ. ಕರೆದಿದ್ದು ಒಂದೇ ಸಲ."

ಪಕ್ಕದ ನಮ್ಮ ಕೊಟ್ಟಿಗೆಯಲ್ಲಿ ಚುಕ್ಕಿಯ ಕೊರಳ ಗಂಟೆ ಒಂದು ಸಲ ಅಲುಗಿ ಸುಮ್ಮನಾಯಿತು. ದೊಡ್ಡಪ್ಪ ಅತ್ತ ನೋಡಿ, ಮತ್ತೆ ನನ್ನ ಕಡೆ ತಿರುಗಿದರು.

"ಆ ಎರಡಕ್ಕೂ ನೀನು ಓಗೊಡಲಿಲ್ಲ ತಾನೆ?"

"ಇಲ್ಲ."

ಅವರು ಎದ್ದು ನಿಂತು, ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು.

"ಹಂಗಾದ್ರೆ ಇದು ನಿಂದೇ ಕಣಮ್ಮ. ತಗೋ."