ಪದ್ಮರಾಜ ಬಿಟ್ಟ ಎಂಟು ಎಣಿಕೆ

ದೆವ್ವ, ಪೀಡೆ, ಸತ್ತವರ ಸುಳಿದಾಟ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ಇದೆಯೆಂದು ರುಜು ಹಾಕಿಕೊಡಲೂ ಆರೆ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದವನು ನಾನು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯದೆಯೇ ಒಳಗಿನ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳುವುದು ನನ್ನ ಕಸುಬು. ಆ ಕಿವಿಯನ್ನು ಮಂಡಿಯಲ್ಲಿ ಯಾರೂ ಅನುಮಾನಿಸಿದ್ದಿಲ್ಲ. ಇಷ್ಟನ್ನು ಮೊದಲೇ ದಾಖಲಿಸುವುದು ಕ್ಷೇಮ.

ವಯಸ್ಸಿನಲ್ಲಿ ನಾನು ಮದುವೆಗಳಿಗೆ ಹೋಗುವ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ನುಡಿಸುತ್ತಿದ್ದೆ. ಹಾರ್ಮೋನಿಯಂ ಪದ್ಮರಾಜನದು. ಹಳೇಬೀಡಿನ ಜೈನರ ಮನೆಯವನು. ವಾರಕ್ಕೊಮ್ಮೆ ಮಧ್ಯಾಹ್ನದ ಬಸ್ಸಿಗೆ ಬಂದರೆ ನಮ್ಮ ನಡುಮನೆಯಲ್ಲೇ ಅಭ್ಯಾಸ. ಹೊತ್ತು ಮುಳುಗಿದ ಮೇಲೆ ಅವನು ಉಣ್ಣುತ್ತಿರಲಿಲ್ಲ. ಹಾಗಾಗಿ ಬಿಸಿಲಿರುವಾಗಲೇ ನನ್ನ ಹೆಂಡತಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಯಾವುದನ್ನೂ ಸೋಕಿಸದೆ ಅಡುಗೆ ಮಾಡಿ ಬಡಿಸುತ್ತಿದ್ದಳು. ನನ್ನದೇ ಮನೆಯಲ್ಲಿ ನನಗೆ ಅಷ್ಟು ಮರ್ಯಾದೆ ಎಂದೂ ಸಿಕ್ಕಿಲ್ಲ.

ಪದ್ಮರಾಜ ಬೈಯುವ ಜಾತಿಯವನಲ್ಲ. ನಾನು ತಪ್ಪಿದರೆ ಉಂಗುರದ ಬೆರಳಿನಿಂದ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಟಕ್ ಟಕ್ ಎಂದು ಎರಡು ಸಲ ಕುಟ್ಟುತ್ತಿದ್ದ. ಮತ್ತೆ ಸಾಲನ್ನು ಮೊದಲಿಂದ ಎತ್ತಿಕೊಳ್ಳುತ್ತಿದ್ದ. ಅಷ್ಟೇ ಶಿಕ್ಷೆ. ಹೆಣ್ಣೊಪ್ಪಿಸುವ ಹೊತ್ತಿಗೆಂದು ಅವನೇ ಕಟ್ಟಿದ ಒಂದು ಧಾಟಿಯಿತ್ತು. ಅದರ ನಡುವೆ ಎಂಟು ಎಣಿಕೆಯಷ್ಟು ಜಾಗ ಗಿಟಾರಿಗೆ ಮೀಸಲು. ನಾನು ಅಲ್ಲಿಗೆ ಯಾವಾಗಲೂ ಒಂದು ಎಣಿಕೆ ಮೊದಲೇ ನುಗ್ಗುತ್ತಿದ್ದೆ. ಬಸ್ಸಿನಲ್ಲಿ ಸೀಟು ಹಿಡಿಯುವ ಅಭ್ಯಾಸ ಸಂಗೀತಕ್ಕೆ ಆಗಿಬರುವುದಿಲ್ಲ.

ಹಾರನಹಳ್ಳಿಯ ಒಂದು ಮದುವೆಯಲ್ಲೂ ಹಾಗೇ ನುಗ್ಗಿದೆ. ಪದ್ಮರಾಜನ ಬೆರಳು ರೂಢಿಯ ಬಲದಿಂದ ಮೈಕಿನ ಮುಂದೆಯೇ ಟಕ್ ಟಕ್ ಎಂದಿತು. ಅವನು ಸಾಲನ್ನು ಮೊದಲಿಂದ ಎತ್ತಿಕೊಂಡ. ಚಪ್ಪರಕ್ಕೆಲ್ಲ ಗೊತ್ತಾಯಿತು.

“ಗಿಟಾರಣ್ಣ ಫೇಲಾದ ಕಣ್ಲಾ, ಇನ್ನೊಂದ್ಸಲ ಪರೀಕ್ಷೆ ಕಟ್ಟವ್ನೆ,” ಎಂದು ಹಿಂದಿನಿಂದ ಯಾರೋ ಕೂಗಿದರು. ಅಳುತ್ತಿದ್ದ ಮದುಮಗಳೂ ನಕ್ಕುಬಿಟ್ಟಳು. ನಾನು ಆಂಪ್ಲಿಫೈಯರಿನ ವೈರು ಕಿತ್ತು, ಗಿಟಾರನ್ನು ಹೆಗಲಿಗೇರಿಸಿದೆ.

“ಕೈ ಅಭ್ಯಾಸ ಕಣೋ, ಬೇಕೂಂತ ಮಾಡ್ಲಿಲ್ಲ. ಹಾಡು ಮುಗಿಸಿ ಹೋಗೋ,” ಎಂದ ಪದ್ಮರಾಜ.

“ನೀನೇ ಮುಗಿಸ್ಕೊ,” ಎಂದೆ.

ನಾವಿಬ್ಬರೂ ಆಡಿದ ಕೊನೆಯ ಮಾತು ಅದು. ಆಮೇಲೆ ವರ್ಷಗಳು ಹೋದವು. ಅವನು ಹಾಸಿಗೆ ಹಿಡಿದಿದ್ದಾನೆಂದು ಕೇಳಿದಾಗಲೂ ನಾನು ಹೋಗಲಿಲ್ಲ. ಹಳೇಬೀಡು ದೂರವಲ್ಲ, ಬಸ್ಸುಗಳೂ ಇದ್ದವು. ಹೋದದ್ದು ಅವನು ತೀರಿಕೊಂಡ ಮೇಲೆ. ಅವನ ಹೆಂಡತಿ ಒಂದು ಕ್ಯಾಸೆಟ್ಟು ತಂದು ಕೈಗಿಟ್ಟರು.

“ನಿಮಗೇಂತ ಇಟ್ಟಿದ್ರು ಅಣ್ಣಾ. ಕಳಿಸ್ಲಾ ಅಂದ್ರೆ ಬೇಡ, ಅವನೇ ಬತ್ತಾನೆ ಅಂತಿದ್ರು.”

ಆ ಕ್ಯಾಸೆಟ್ಟನ್ನು ಎರಡು ವರ್ಷ ಬೀರುವಿನಲ್ಲಿಟ್ಟೆ. ಒಳಗೆ ಬೈಗುಳವಿದ್ದರೆ ಎಂಬ ಭಯ. ಇಲ್ಲದಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದು.

ಇಂಥ ಪ್ರಸಂಗಗಳಿಗೆ ಅಮಾವಾಸ್ಯೆಯ ನಡುರಾತ್ರಿ ಬೇಕೆಂದು ಓದುಗರು ಬಯಸುವುದು ಸಹಜ. ಕ್ಷಮಿಸಬೇಕು, ಆಗ ಸಂಜೆ ನಾಲ್ಕೂವರೆ. ಒಳ್ಳೆಯ ಬಿಸಿಲು. ಕಾಫಿಯೂ ಆಗಿತ್ತು. ಅದೇಕೋ ಧೈರ್ಯ ಬಂದು ಟೇಪ್ ರೆಕಾರ್ಡರನ್ನು ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿ ಕ್ಯಾಸೆಟ್ಟು ಹಾಕಿದೆ. ಮಾತೇನೂ ಇರಲಿಲ್ಲ. ಬರೀ ಹಾರ್ಮೋನಿಯಂ, ಅದೇ ಧಾಟಿ. ಗಿಟಾರಿನ ಜಾಗ ಬಂದಾಗ ಅವನು ಸುಮ್ಮನಾಗಿದ್ದ. ಎಂಟು ಎಣಿಕೆಯುದ್ದಕ್ಕೂ ತಿದಿಯ ಉಸಿರು ಮಾತ್ರ. ಆಮೇಲೆ ಹಾಡು ಕೊನೆಯವರೆಗೆ ನೆಟ್ಟಗೆ ಹೋಯಿತು. ಆ ಖಾಲಿ ಜಾಗವನ್ನು ಯಾರಿಗೆ ಬಿಟ್ಟದ್ದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ಗಿಟಾರನ್ನು ಒರೆಸಿ, ಶ್ರುತಿ ಮಾಡಿ, ಅದನ್ನೂ ಆಂಪ್ಲಿಫೈಯರಿಗೆ ಸಿಕ್ಕಿಸಿ, ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಜೊತೆಗೆ ನುಡಿಸತೊಡಗಿದೆ. ಎಂಟರ ಜಾಗ ಬಂತು. ಒಂದು ಎಣಿಕೆ ಮೊದಲೇ ನುಗ್ಗಿದೆ.

ಟಕ್ ಟಕ್.

ಹಾರ್ಮೋನಿಯಂ ನಿಂತಿತು. ಸಾಲು ಮೊದಲಿಂದ ಶುರುವಾಯಿತು. ಹೆದರಿಕೆ ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಆದದ್ದು ನಾಚಿಕೆ. ಹಳೆಯ ರೂಢಿಯಂತೆ ಕೈ ತಾನಾಗಿ ಕಾದು ನಿಂತಿತು. ಮತ್ತೆ ನುಗ್ಗಿದೆ. ಮತ್ತೆ ಟಕ್ ಟಕ್. ಮೂರನೆಯ ಸಲ ಬಾಯಲ್ಲೇ ಎಣಿಸಿಕೊಂಡು ನುಡಿಸಿದೆ. ಎಂಟೂ ಸರಿಯಾಗಿ ಕೂತವು. ಹಾರ್ಮೋನಿಯಂ ನನ್ನನ್ನು ಕರೆದುಕೊಂಡು ಮುಂದೆ ಹೋಯಿತು, ಇಬ್ಬರೂ ಹಾಡು ಮುಗಿಸಿದೆವು.

ತಲೆಯೆತ್ತಿದರೆ ಬಾಗಿಲಲ್ಲಿ ಹೆಂಡತಿ. ಹೆಚ್ಚುತ್ತಿದ್ದ ಈರುಳ್ಳಿಯನ್ನು ಮುಚ್ಚಿಟ್ಟು, ಕೈ ತೊಳೆದುಕೊಂಡು ಬಂದಿದ್ದಳು.

“ಪದ್ಮಣ್ಣ ಎರಡು ಸಲ ನಿಲ್ಸಿದ್ರಲ್ರೀ ನಿಮ್ಮನ್ನ,” ಎಂದಳು. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು, ಗೋಡೆಗೆ ಒರಗಿ ಕುಳಿತುಬಿಟ್ಟಳು.

ಇಬ್ಬರೂ ಕೂತು ಕ್ಯಾಸೆಟ್ಟನ್ನು ಮತ್ತೆ ಮತ್ತೆ ಹಾಕಿ ಕೇಳಿದೆವು. ಕುಟ್ಟಿದ ಸದ್ದು ಎಲ್ಲೂ ಇಲ್ಲ. ಹಾಡು ಒಂದೇ ಓಟದಲ್ಲಿ ಹೋಗುತ್ತದೆ.

ಏಕಸದಸ್ಯ ಆಯೋಗವಾಗಿ ನಾನೇ ವಿಚಾರಣೆ ನಡೆಸಿದ್ದೇನೆ. ಟೇಪು ಸಿಕ್ಕಿಕೊಂಡರೆ ಎಳೆದು ಹಾಡೀತು, ಹಿಂದಕ್ಕೆ ಹೋಗಿ ಸಾಲು ಎತ್ತಿಕೊಳ್ಳದು. ಪಕ್ಕದ ಮನೆಯಲ್ಲಿ ಕಾಯಿ ಒಡೆದ ಸದ್ದೇ ಎಂದರೆ, ಆ ಸದ್ದನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ನನ್ನ ಭ್ರಮೆಯೆಂದು ಷರಾ ಬರೆದು ಮುಗಿಸಬಹುದು. ಆಗ ನನ್ನ ಹೆಂಡತಿಯದೂ ಭ್ರಮೆಯೆಂದು ಬರೆಯಬೇಕಾಗುತ್ತದೆ. ಅಷ್ಟು ಎದೆಗಾರಿಕೆ ಆಯೋಗಕ್ಕಿಲ್ಲ.

ಅಂದಿನಿಂದ ಆ ಜಾಗದಲ್ಲಿ ನನ್ನ ಕೈ ತಪ್ಪಿಲ್ಲ. ಒಮ್ಮೊಮ್ಮೆ ಬೇಕೆಂದೇ ಒಂದು ಎಣಿಕೆ ಮೊದಲು ನುಗ್ಗಿ, ತಂತಿಯ ಮೇಲೆ ಕೈಯಿಟ್ಟು ಕಾಯುತ್ತೇನೆ. ಹಾಡು ನಿಲ್ಲುವುದಿಲ್ಲ. ನನ್ನನ್ನು ಬಿಟ್ಟು ಮುಂದೆ ಹೋಗುತ್ತದೆ.