ಕುಸುಬಿಯ ಕುಬಸ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಕ್ತದ ಪಾಠ ಹೇಳಿದ ನಾನು, ನಮ್ಮ ಮನೆಯ ಬೆಕ್ಕಿನ ಮೈಯಲ್ಲಿ ರಕ್ತ ಬತ್ತುತ್ತಿದ್ದಾಗ ಅದಕ್ಕೆ ಬಸುರಿಯರಿಗೆ ಮಾಡುವ ಕುಬಸ ಮಾಡಲು ಒಪ್ಪಿಗೆ ಕೊಟ್ಟೆ. ಬೇರೆ ಯಾರೋ ನಿಮಗಿದನ್ನು ಹೇಳಿ ನಗುವ ಮೊದಲು ನಾನೇ ಹೇಳಿಬಿಡುವುದು ಲೇಸು. ನಮ್ಮೂರು ಸಂಶಿಯಲ್ಲಿ ಹುಟ್ಟಿದ ಇಂಥ ಸುದ್ದಿ ಬಸ್ಸಿಗಿಂತ ಮೊದಲೇ ಕುಂದಗೋಳ ಮುಟ್ಟುತ್ತದೆ.

ಬೆಕ್ಕಿನ ಹೆಸರು ಕುಸುಬಿ. ಬಿಳಿ ಮೈಮೇಲೆ ಅಲ್ಲಲ್ಲಿ ಕುಸುಬಿ ಹೂವಿನ ಕೇಸರಿ ಬಣ್ಣದ ಮಚ್ಚೆಗಳಿರುವುದರಿಂದ ನನ್ನ ಹೆಂಡತಿ ಶಾಂತವ್ವ ಇಟ್ಟ ಹೆಸರು. ಜೋಳದ ಚೀಲಗಳನ್ನು ಇಲಿಗಳಿಂದ ಕಾಯಲಿ ಎಂದು ತಂದ ಈ ಬೆಕ್ಕು ವರ್ಷ ತುಂಬುವುದರೊಳಗೆ ಆ ಚೀಲಗಳ ಮೇಲೆ ಮಲಗುವ ಯಜಮಾನತಿಯಾದಳು. ಈಗ ಇಲಿಗಳ ಹೊಣೆ ನನ್ನದು.

ಮೊನ್ನೆಯ ಮುಂಗಾರಿನಲ್ಲಿ ಮೊದಲ ಮಳೆ ಬಿದ್ದ ವಾರ ಕುಸುಬಿ ಹಿತ್ತಲಿನ ಮಣ್ಣಿನ ಗೋಡೆ ನೆಕ್ಕತೊಡಗಿದಳು. ಶಾಂತವ್ವ ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟು ತೀರ್ಪು ಕೊಟ್ಟಳು.

"ಬಸರಾಗ್ಯಾಳ್ರೀ ಇಕಿ. ನಾನೂ ಇದ ಗ್ವಾಡಿ ನೆಕ್ಕಿದ್ದಿಲ್ಲೇನು?"

ಆ ಮಾತು ನಿಜ. ನಮ್ಮ ಕಡೆ ಬಸುರಿಯರಿಗೆ ಹಸಿ ಮಣ್ಣಿನ ವಾಸನೆ ಬಂದರೆ ಮುಗಿಯಿತು, ಮಣ್ಣಿನ ಮಾಳಿಗೆಮನೆಗಳ ಗೋಡೆಗಳಲ್ಲಿ ಅಲ್ಲಲ್ಲಿ ಇರುವ ತಗ್ಗುಗಳೆಲ್ಲ ಮಳೆ ಕೊರೆದವಲ್ಲ. ನಾನು ನನ್ನ ಪಾಂಡಿತ್ಯವನ್ನೂ ಸೇರಿಸಿ, "ಹೌದು, ಕ್ಯಾಲ್ಸಿಯಂ ಕಡಿಮಿ ಬಿದ್ದಿರತೈತಿ" ಎಂದೆ. ಬೆಕ್ಕು ದಿನವಿಡೀ ಮಲಗಿದರೆ ಬಸುರಿನ ದಣಿವು, ಹಾಲು ಬಿಟ್ಟರೆ ವಾಕರಿಕೆ. ಒಮ್ಮೆ ಬಸುರೆಂದು ಒಪ್ಪಿಕೊಂಡ ಮೇಲೆ ನಮಗೆ ಎಲ್ಲದಕ್ಕೂ ಉತ್ತರ ಸಿಕ್ಕಿತು.

ಬಾಜೂ ಮನೆಯ ನೀಲವ್ವ ಒಂದು ದಿನ ಚೇಷ್ಟೆಗೆ, "ಚೊಚ್ಚಲ ಬಸರು, ಕುಬಸ ಮಾಡೂದಿಲ್ಲೇನ್ರಿ?" ಎಂದಳು. ಬಸುರಿಗೆ ಕುಪ್ಪಸಕ್ಕೆಂದು ಹಸಿರು ಖಣ ಕೊಟ್ಟು, ಬಾಯಿಗೆ ರುಚಿಯಾದದ್ದನ್ನು ಉಣಿಸಿ, ಹಾಡು ಹೇಳುವ ಸಂಭ್ರಮವದು. ನಾನೂ ಹೂಂ ಎಂದೆ, ಚೇಷ್ಟೆ ಶುಕ್ರವಾರದ ಹೊತ್ತಿಗೆ ನಿಜವೇ ಆಯಿತು. ನಾಲ್ಕು ಮಂದಿ ಹೆಂಗಸರು ಬಂದರು. ಕುಸುಬಿಯ ಬೆನ್ನ ಮೇಲೆ ಹಸಿರು ಖಣ, ಹಣೆಗೆ ಚಿಟಿಕೆ ಕುಂಕುಮ, ಮುಂದೆ ಬೆಣ್ಣೆ. ಬೆಣ್ಣೆಯ ಡಬ್ಬಿಯ ಸದ್ದಿಗೇ ಅಟ್ಟದಿಂದ ಹಾರುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ನಾಚಿಕೊಂಡಾಳ್ರೀ!" ಎಂದಳು ನೀಲವ್ವ. ಎಲ್ಲರೂ ನಕ್ಕರು. ಶಾಂತವ್ವ ನಗಲಿಲ್ಲ. ಬೆರಳಿಗೆ ಬೆಣ್ಣೆ ಹಚ್ಚಿ ಬೆಕ್ಕಿನ ತುಟಿ ಸರಿಸಿದಳು. ಒಳಗಿನ ವಸಡು ಸುಣ್ಣ ಬಳಿದಂತೆ ಬಿಳಚಿಕೊಂಡಿತ್ತು.

"ಏನ್ರೀ, ಇಲ್ಲಿ ನೋಡ್ರಿ" ಎಂದು ನನ್ನನ್ನು ಕರೆದಳು. ಹಾಡು ಅರ್ಧಕ್ಕೆ ನಿಂತಿತು.

ಅಂದೇ ಮಧ್ಯಾಹ್ನ ಕುಸುಬಿಯನ್ನು ಬುಟ್ಟಿಯಲ್ಲಿಟ್ಟು, ಅದೇ ಖಣ ಹೊದಿಸಿ, ಬಸ್ಸಿನಲ್ಲಿ ಕುಂದಗೋಳಕ್ಕೆ ಒಯ್ದೆವು. ದನದ ಡಾಕ್ಟರು ಎಮ್ಮೆಯೊಂದನ್ನು ನೋಡಿ ಮುಗಿಸಿ ಬಂದು, ಖಣವನ್ನೂ ಕುಂಕುಮವನ್ನೂ ನೋಡಿದರು. ವಸಡು ನೋಡಿದರು. ಕೂದಲು ಬಿಡಿಸಿ ಒಂದು ಚಿಗಟ ಹಿಡಿದು ತೋರಿಸಿದರು.

"ಬಸರಲ್ರೀ ಇದು. ಮೈಯಾಗ ರಕ್ತ ಇಲ್ಲ. ರಕ್ತ ಕಡಿಮಿಯಾದ್ರೂ ಬೆಕ್ಕು ಮಣ್ಣು ನೆಕ್ಕತಾವ. ನೀವು ಸೈನ್ಸ್ ಮಾಸ್ತರಲ್ಲೇನ್ರಿ?"

"ಗಣಿತಾನೂ ಕಲಿಸೇನ್ರಿ" ಎಂದೆ.

ಒಂದು ಹನಿ ರಕ್ತ ಪರೀಕ್ಷೆಗೆಂದು ಧಾರವಾಡಕ್ಕೆ ಹೋಯಿತು, ಗುಳಿಗೆ ಅಂದೇ ಶುರುವಾಯಿತು. ಡಾಕ್ಟರು ವಿವರಿಸಿದ್ದು ಕೇಳಿ ನನ್ನ ಮೂವತ್ತು ವರ್ಷದ ಪಾಠ ಅಲುಗಾಡಿತು. ನಾನು ಬೋರ್ಡಿನ ಮೇಲೆ ಬಿಳಿ ರಕ್ತಕಣಗಳನ್ನು ಭರ್ಜಿ ಹಿಡಿದ ಸಿಪಾಯಿಗಳಂತೆ ಬರೆಯುತ್ತಿದ್ದೆ. ವೈರಿ ಬಂದ, ಸಿಪಾಯಿ ಚುಚ್ಚಿದ, ರೋಗ ಹೋಯಿತು, ಐದು ಮಾರ್ಕು. ಆದರೆ ಚಿಗಟದಿಂದ ಬಂದಿರಬಹುದಾದ ಈ ರೋಗದ ಸಣ್ಣ ಬ್ಯಾಕ್ಟೀರಿಯಾ ಕೆಂಪು ಕಣದ ಮೈಗೇ ಅಂಟಿಕೊಂಡು ಕೂಡುತ್ತದಂತೆ. ಅದನ್ನು ಚುಚ್ಚಹೋದ ಸಿಪಾಯಿಗಳು ಕೆಂಪು ಕಣವನ್ನೂ ಮುಗಿಸುತ್ತಾರೆ. ಹಾಗಾಗಿ ಒಂದು ಗುಳಿಗೆ ವೈರಿಗೆ, ಇನ್ನೊಂದು ನಮ್ಮ ಸಿಪಾಯಿಗಳನ್ನು ಸ್ವಲ್ಪ ಸುಮ್ಮನಿರಿಸಲು. ಕಾವಲಿಗೂ ಒಂದು ಹದ ಬೇಕೆಂಬುದನ್ನು ನಾನು ಯಾವ ವರ್ಷವೂ ಕಲಿಸಿರಲಿಲ್ಲ.

ಮೊದಲ ನಾಲ್ಕು ದಿನ ಕುಸುಬಿ ಜೋಳದ ಚೀಲದ ಮೇಲೆ ಖಣ ಹಾಸಿಕೊಂಡು ಬಿದ್ದಿದ್ದಳು. ಶಾಂತವ್ವ ಹನಿ ಹನಿ ನೀರು ಹಾಕುತ್ತ, "ಸಾಯಾಕ ಬಿದ್ದಾಕಿಗೆ ಕುಬಸ ಮಾಡಿದೆನಲ್ರೀ" ಎಂದು ಕಣ್ಣೊರೆಸಿಕೊಂಡಳು. ಕ್ಯಾಲ್ಸಿಯಂ ಎಂದವನು ನಾನು. ಒಂದು ಬೆಕ್ಕಿಗಾಗಿ ಇಷ್ಟು ಹೆದರುತ್ತೇನೆಂದು ನನಗೇ ಗೊತ್ತಿರಲಿಲ್ಲ. ಐದನೆಯ ದಿನ ಅವಳು ಬೆಣ್ಣೆ ನೆಕ್ಕಿದಳು. ಎರಡನೆಯ ವಾರ ಗುಳಿಗೆ ಕೊಡಹೋದ ನನ್ನ ಕೈ ಪರಚಿ ರಕ್ತ ತೆಗೆದಳು. ಅಷ್ಟು ಸಂತೋಷದಿಂದ ನಾನು ಎಂದೂ ಗಾಯ ತೊಳೆದುಕೊಂಡಿಲ್ಲ.

ಗುಳಿಗೆಗಳು ಮುಗಿದ ಮೇಲೆ ಮತ್ತೆ ಕುಂದಗೋಳಕ್ಕೆ ಹೋದಾಗ ಧಾರವಾಡದ ವರದಿಯೂ ಅದೇ ರೋಗವೆಂದಿತ್ತು. ಶಾಂತವ್ವ ಡಾಕ್ಟರನ್ನು ಕೇಳಿದಳು, "ರೋಗ ಪೂರ್ತಿ ಹೋತೇನ್ರಿ?"

"ಹೋಗಿರಬಹುದು, ಮೈಯಾಗ ಎಲ್ಲೋ ಮೂಲ್ಯಾಗ ಕುಂತಿರಲೂಬಹುದು. ಆಕಿ ಗಟ್ಟಿ ಇರೋತನಕ ಅದು ತಲಿ ಎತ್ತೂದು ಕಷ್ಟ. ಚಿಗಟ ಆಗಗೊಡಬ್ಯಾಡ್ರಿ, ದಿನಾ ವಸಡು ನೋಡಕೋತ ಇರ್ರಿ ಅವ್ವಾರ."

ರೋಗನಿರೋಧಕ ಶಕ್ತಿ ಎಂದರೆ ಒಂದು ಗೆಲುವು ಎಂದುಕೊಂಡಿದ್ದೆ. ಅದು ದಿನದಿನದ ಸಂಸಾರವೆಂದು ಈಗ ತಿಳಿಯಿತು.

ಡಾಕ್ಟರು ಹೇಳಿದ್ದನ್ನು ಶಾಂತವ್ವ ಚಾಚೂ ತಪ್ಪದೆ ಪಾಲಿಸುತ್ತಿದ್ದಾಳೆ. ಬೆಳಿಗ್ಗೆ ಚಹಾಕ್ಕೆ ಇಡುವ ಮೊದಲು ಕುಸುಬಿಯ ತುಟಿ ಎತ್ತಿ ನೋಡುತ್ತಾಳೆ. ಕುಸುಬಿ ಗುರ್ರೆನ್ನುತ್ತಾಳೆ, ಆದರೆ ಓಡಿಹೋಗುವುದಿಲ್ಲ. ಆಮೇಲೆ ಪೇಪರ್ ಓದುತ್ತಿರುವ ನನ್ನ ಕಡೆ ತಿರುಗಿ, "ಇತ್ತ ತಿರುಗ್ರಿ" ಎಂದು ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತಾಳೆ.

"ಇಬ್ಬರದೂ ಕೆಂಪಗೈತಿ" ಎಂದು ಒಲೆ ಹಚ್ಚುತ್ತಾಳೆ.

ನಾನೂ ಗುರ್ರೆನ್ನುತ್ತೇನೆ, ಓಡಿಹೋಗುವುದಿಲ್ಲ.