ಖಾಲಿ ದೇಶದ ಒಂದೇ ಗಲ್ಲಿ

ಕೆನಡಾ ದೇಶದಲ್ಲಿ ಜನ ಎಲ್ಲೆಲ್ಲಿ ವಾಸಿಸುತ್ತಾರೆ ಎಂಬುದನ್ನು ಹುಮನಾಬಾದಿನ ಕಾಲೇಜೊಂದರಲ್ಲಿ ನಾನು ಬಹಳ ವರ್ಷ ಪಾಠ ಮಾಡಿದ್ದೇನೆ. ಆ ದೇಶವನ್ನು ನೋಡಿಲ್ಲ. ಹಿಮವನ್ನು ನೋಡಿರುವುದು ನಮ್ಮ ಮನೆಯ ಫ್ರಿಜ್ಜಿನಲ್ಲಿ ಮಾತ್ರ, ಅದೂ ಕರೆಂಟು ನೆಟ್ಟಗಿದ್ದ ದಿನ. ಆದರೂ ಕೋಲು ಹಿಡಿದು ನಕ್ಷೆಯ ಮುಂದೆ ನಿಂತರೆ, ಆ ದೇಶವನ್ನು ನಾನೇ ಅಳತೆ ಮಾಡಿ ಬಂದವನಂತೆ ಮಾತಾಡುತ್ತಿದ್ದೆ. ಜನರೆಲ್ಲ ಕೆಳಗಿನ ಗಡಿಗೆ ಅಂಟಿಕೊಂಡು ಕೂತಿದ್ದಾರೆ, ಮೇಲಕ್ಕೆ ಹೋದಂತೆ ಹೆಚ್ಚುಕಡಿಮೆ ಯಾರೂ ಇಲ್ಲ ಎನ್ನುತ್ತಿದ್ದೆ.

'ಯಾರೂ ಇಲ್ಲ' ಎಂಬುದನ್ನು ನಮ್ಮ ಕಡೆ ಅರ್ಥ ಮಾಡಿಸುವುದು ಕಷ್ಟ. ಕೇಳುತ್ತಿದ್ದವರು ಬಸವಕಲ್ಯಾಣದ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಬಂದವರು. ಒಮ್ಮೆ ಹಿಂದಿನ ಬೆಂಚಿನವನೊಬ್ಬ ಎದ್ದು, "ಸರ್, ಮತ್ತ ಆ ಜಮೀನೆಲ್ಲ ಯಾರ ಹೆಸರಿನ್ಯಾಗ ಅದರಿ?" ಎಂದು ಕೇಳಿದ. ಅದು ಸಿಲೆಬಸ್ಸಿನಲ್ಲಿಲ್ಲ ಎಂದು ಹೇಳಿ ಕೂರಿಸಿದೆ.

ನಿವೃತ್ತನಾಗಿ ಬಸವಕಲ್ಯಾಣದ ನನ್ನ ಮನೆಯಲ್ಲಿ ತಣ್ಣಗಿದ್ದಾಗ, ಹುಮನಾಬಾದಿನಿಂದ ಜುಬೇದಾ ಆಪಾ ಬಂದರು. ಆಕೆ ಹೊಲಿಗೆ ಕೆಲಸದವರು. ಒಬ್ಬಳೇ ಮಗಳು ಶಾಹೀನ್, ನನ್ನ ವಿದ್ಯಾರ್ಥಿನಿ, ಓದಿ ನರ್ಸ್ ಆದವಳು. ಅವಳಿಗೊಂದು ಸಂಬಂಧ ನಿಕ್ಕಿಯಾಗಿ, ಹಾಲ್ ಬುಕ್ಕಾದ ಮೇಲೆ ಗಂಡಿನ ಕಡೆಯವರು ಬೇಡವೆಂದರು. ಯಾಕೆ ಎಂದು ಶಾಹೀನ್‌ಗೆ ಗೊತ್ತಿತ್ತು, ಆದರೆ ತಾಯಿಗೂ ಹೇಳಲಿಲ್ಲ. ಊರಿನವರು ಸಮಾಧಾನ ಹೇಳಲು ಸಾಲಾಗಿ ಬಂದರು. ಸಮಾಧಾನ ಹೇಳಿ, ಚಹಾ ಕುಡಿದು, ಹೋಗುವಾಗ ಬಾಗಿಲಲ್ಲಿ ದನಿ ತಗ್ಗಿಸಿ "ಅಂಥಾದ್ದೇನ ಆತ್ರಿ?" ಎಂದು ಕೇಳುತ್ತಿದ್ದರು. ಹುಡುಗಿ ಹಟ ಹಿಡಿದು ಪರೀಕ್ಷೆಗಳನ್ನು ಬರೆದು ಕೆನಡಾದ ಒಂದು ದೊಡ್ಡ ನಗರದ ಆಸ್ಪತ್ರೆಗೆ ಹೋದಳು. ಅಲ್ಲಿಯವರೆಗೆ ಆಪಾ ಒಪ್ಪಿದ್ದರು. ಈಗ ಅವಳು ಆ ನಗರವನ್ನೂ ಬಿಟ್ಟು, ತೀರ ಉತ್ತರದಲ್ಲಿ, ಸಮುದ್ರದ ದಂಡೆಯ ಯಾವುದೋ ಹಳ್ಳಿಯ ದವಾಖಾನೆಗೆ ಹೊರಟಿದ್ದಳು.

"ಸರ್, ಅಲ್ಲಿಗೆ ರಸ್ತಾನೇ ಇಲ್ಲಂತ. ಇಮಾನದಾಗೇ ಹೋಗಬೇಕಂತ. ನೀವರ ಬ್ಯಾಡ ಅಂತ ಹೇಳ್ರಿ. ನಿಮ್ಮ ಮಾತ ಆಕಿ ಕೇಳ್ತಾಳ."

ಆಕೆಯ ಫೋನಿನಿಂದಲೇ ಕರೆ ಮಾಡಿದೆ. ಆಪಾ ಎದುರಿನ ಕುರ್ಚಿಯಲ್ಲಿ ದುಪಟ್ಟದ ತುದಿ ಹಿಂಡುತ್ತ ಕೂತರು. ನಾನು ಉಷ್ಣಾಂಶದಿಂದ ಶುರುಮಾಡಿ, ಹಿಮಗಾಳಿ, ಹೆಪ್ಪುಗಟ್ಟಿದ ನೆಲ, ತಿಂಗಳುಗಟ್ಟಲೆ ಕತ್ತಲು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಶಾಹೀನ್ ಮರ್ಯಾದೆಯಿಂದ ಕೇಳಿಸಿಕೊಂಡಳು.

"ಸರ್, ಅಲ್ಲಿ ಜನ ಇಲ್ಲ ಅಂತ ನೀವೇ ಕಲಿಸೀರಿ. ಅದಕ್ಕೇ ಹೊಂಟೀನ್ರಿ."

ಇಷ್ಟು ವರ್ಷದ ಪಾಠದಲ್ಲಿ ಒಂದು ವಾಕ್ಯವಾದರೂ ಒಬ್ಬರ ತಲೆಗೆ ಹೋಗಿದೆ ಎಂದು ಸಂತೋಷಪಡುವ ಹೊತ್ತು ಅದಾಗಿರಲಿಲ್ಲ. ಅವಳೇ ಮುಂದುವರಿಸಿದಳು. ಆ ನಗರದಲ್ಲೂ ನಮ್ಮ ಕಡೆಯವರು ಆಗಾಗ ಸೇರುತ್ತಾರಂತೆ. ಕಲಬುರಗಿಯವರೊಬ್ಬರು ಬಿರಿಯಾನಿ ಬಡಿಸುತ್ತಲೇ, ಆ ಸಂಬಂಧ ಯಾಕೆ ಮುರಿಯಿತೆಂದು ಕೇಳಿದರಂತೆ. "ಇಷ್ಟ ದೂರ ಬಂದೀನಿ ಸರ್, ಇನ್ನಾ ಸ್ವಲ್ಪ ದೂರ ಹೋಗ್ತೀನ್ರಿ," ಎಂದಳು. ಬೇಡವೆನ್ನಲು ಫೋನ್ ಹಚ್ಚಿದವನು, ಜೋಪಾನ ಎಂದು ಹೇಳಿ ಇಟ್ಟೆ.

ಆಪಾ ನನ್ನನ್ನು ಬೈಯಲಿಲ್ಲ. ಎದ್ದು ಚಪ್ಪಲಿ ಮೆಟ್ಟುವಾಗ ಕೇಳಿದರು: "ಜ್ವರ ಬಂದ್ರ ಅಕಿಗೆ ಒಂದು ಗ್ಲಾಸ್ ನೀರ ಕೊಡವ್ರು ಯಾರ್ರಿ, ಸರ್?" ಆಮೇಲೆ ಹೊಸ್ತಿಲಲ್ಲೇ ಕೂತು ಅತ್ತರು. ನನ್ನ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ನಾನು ಒಳಗೆ ಹೋಗಿ, ಯಾವ ಕಾರಣವೂ ಇಲ್ಲದೆ ಅಟ್ಲಾಸ್ ತೆಗೆದು ನೋಡಿದೆ. ಅವಳು ಹೇಳಿದ ಹಳ್ಳಿ ಅದರಲ್ಲಿರಲಿಲ್ಲ.

ನಾವು ಭೂಗೋಳದವರು ಜನಸಾಂದ್ರತೆ ಎಂದು ಒಂದು ಲೆಕ್ಕ ಇಟ್ಟುಕೊಂಡಿದ್ದೇವೆ. ದೇಶದ ಜನರನ್ನೆಲ್ಲ ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ ನೆಲದ ಮೇಲೆ ಸಮ ಅಂತರದಲ್ಲಿ ಕೂರಿಸಿಬಿಡುತ್ತೇವೆ. ಜನ ಹಾಗೆ ಕೂರುವುದಿಲ್ಲ. ನಮ್ಮ ಮನೆಯಲ್ಲೇ ನೋಡಿ, ಇರುವುದು ನಾಲ್ಕು ಕೋಣೆ. ಬೇಸಿಗೆಯಲ್ಲಿ ಎಲ್ಲರೂ ಕೂಲರ್ ಇರುವ ಒಂದೇ ಕೋಣೆಯಲ್ಲಿ ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗಿಸಿ ಮಲಗಿರುತ್ತೇವೆ. ಊರಿನ ಕೋಟೆಯ ಒಳಗೆ ಬೇಕಾದಷ್ಟು ಜಾಗವಿದೆ, ಅಲ್ಲಿ ಪಾರಿವಾಳಗಳಿವೆ. ಇದು ನನಗೆ ದಿನವೂ ಕಾಣುತ್ತಿದ್ದ ಸಂಗತಿ. ಕೆನಡಾಕ್ಕೂ ಅನ್ವಯಿಸಬಹುದೆಂದು ಮಾತ್ರ ಹೊಳೆದಿರಲಿಲ್ಲ.

ಚಳಿಗಾಲದಲ್ಲಿ ತೊಗರಿಬೇಳೆ ತರಲು ಹುಮನಾಬಾದಿಗೆ ಹೋದವನು, ಸಂಜೆ ಆಪಾ ಅವರ ಮನೆಗೆ ಹೋದೆ. ಅಷ್ಟರಲ್ಲಿ ಮಗಳ ವಿಡಿಯೋ ಕರೆ ಬಂತು. ಅಲ್ಲಿ ಬೆಳಗಾಗಿದ್ದರೂ ಕಿಟಕಿಯ ಆಚೆ ಕಪ್ಪಗಿತ್ತು. ಶಾಹೀನ್ ಕಂಬಳಿ ಹೊದ್ದಿದ್ದಳು, ಮುಖ ಇಳಿದಿತ್ತು.

"ಜ್ವರ ಬಂದಿತ್ತ್ರಿ ಸರ್, ಈಗ ಹೋಗ್ಯದ. ನಿಮ್ಮ ಪಾಠ ಖರೇ ಅದ, ಜಮೀನ ಎಷ್ಟ ನೋಡಿದ್ರೂ ಮುಗೀವಲ್ದು. ಆದ್ರ ಇರೋ ಜನ ಅಷ್ಟೂ ಒಂದೇ ಗಲ್ಲ್ಯಾಗ ಅದಾರ್ರಿ!"

ಅವಳು ಬಂದಿಳಿದ ಮರುದಿನವೇ ಅಂಗಡಿಯವನಿಗೆ ಅವಳ ಹೆಸರು, ಊರು, ತಾಯಿಯ ಕಸುಬು ಗೊತ್ತಿತ್ತಂತೆ. ಪಕ್ಕದ ಮನೆಯ ಮುದುಕಿ ಬಾಗಿಲು ತಟ್ಟದೆ ಒಳಗೆ ಬರುತ್ತಾಳಂತೆ. ಜ್ವರ ಬಂದಾಗ ಮೀನಿನ ಸಾರು ತಂದು ಕುಡಿಸಿ, ರಾತ್ರಿ ಅಲ್ಲೇ ಉಳಿದಳಂತೆ.

"ಅಕಿನೂ ಕೇಳಿದಳ್ರಿ, ಮದವಿ ಯಾಕ ಆಗಿಲ್ಲ ಅಂತ."

ಆಪಾ ಫೋನನ್ನು ಮುಖದ ಹತ್ತಿರ ತಂದರು. "ಏನಂದಿ?"

"ಎಲ್ಲಾ ಹೇಳಿಬಿಟ್ಟೆ, ಅಮ್ಮಿ."

"ನನಗ ಹೇಳಿಲ್ಲಲ್ಲ!"

"ಅಕಿಗೆ ಆ ಹುಡುಗ ಯಾರ, ಅವನ ಕಾಕಾ ಯಾರ ಅಂತ ಗೊತ್ತಿಲ್ಲಲ್ಲ, ಅಮ್ಮಿ. ಅದಕ್ಕ ಹೇಳಾಕ ಬಂತು." ಕಂಬಳಿ ಮೇಲೆಳೆದುಕೊಂಡು ಹೇಳಿದಳು: "ನಿನಗೂ ಹೇಳ್ತೀನಿ. ಬರೋ ರಜಾದಾಗ ಬಂದು ಹೇಳ್ತೀನಿ."

ಆಪಾ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಅಲ್ಲಿ ಬಾಗಿಲು ತೆರೆದ ಸದ್ದಾಯಿತು. ದಪ್ಪ ಕೋಟಿನ ಮುದುಕಿಯೊಬ್ಬಳು ಯಾರನ್ನೂ ಕೇಳದೆ ಒಳಗೆ ಬಂದು, ಶಾಹೀನ್ ಹಣೆ ಮುಟ್ಟಿ ನೋಡಿ, ಫೋನಿನೊಳಗೆ ಬಗ್ಗಿದಳು. ಆಪಾ ತಲೆಯ ಮೇಲೆ ದುಪಟ್ಟ ಸರಿಮಾಡಿಕೊಂಡು ಸಲಾಮ್ ಹೇಳಿ, "ನಾಷ್ಟಾ ಆತೇನ್ರಿ?" ಎಂದು ಕನ್ನಡದಲ್ಲೇ ಕೇಳಿದರು. ಮುದುಕಿ ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದಳು. ಆಪಾ ತಲೆಯಾಡಿಸಿದರು. ಶಾಹೀನ್ ಅನುವಾದಿಸಲು ಬಾಯಿ ತೆರೆದರೆ ಇಬ್ಬರೂ ಅವಳಿಗೆ ಅವಕಾಶ ಕೊಡಲಿಲ್ಲ.

ಉತ್ತರ ಕೆನಡಾದ ಜನಜೀವನವನ್ನು ಇಷ್ಟು ಹತ್ತಿರದಿಂದ ನೋಡುವ ಆಸೆಯಿಂದ ನಾನೂ ಫೋನಿನ ಕಡೆ ಬಾಗಿದೆ.

"ಸರ್, ಸ್ವಲ್ಪ ಆ ಕಡಿ ಸರೀರಿ," ಎಂದರು ಆಪಾ. "ಅವರಿಗೆ ನಾ ಕಾಣಾಕತ್ತಿಲ್ಲ."

ಸರಿದು ಕೂತೆ.